ಊರಿನ ಡಿ.ಎಲ್., ಜಪಾನಿನ ರಸ್ತೆ

ಟೋಕಿಯೊ ನಗರದೊಳಗೆ ಇರುವವರಿಗೆ ಕಾರಿನ ಹಂಗಿಲ್ಲ. ಎಲ್ಲಿಗೆ ಹೋಗಬೇಕೆಂದರೂ ರೈಲಿದೆ, ಅದೂ ಹೇಳಿದ ಹೊತ್ತಿಗೆ ಬರುವ ರೈಲು. ನಗರದ ಪೂರ್ವ ಭಾಗದ ನಿಶಿಕಸಾಯ್ ಸುತ್ತಮುತ್ತ ಮನೆ ಮಾಡಿಕೊಂಡಿರುವ ಭಾರತೀಯ ಕುಟುಂಬಗಳಲ್ಲಿ ಎಷ್ಟೋ ಮಂದಿ ವರ್ಷಗಟ್ಟಲೆ ಸ್ಟೇರಿಂಗ್ ಮುಟ್ಟದೆ ಸಂಸಾರ ನಡೆಸುತ್ತಾರೆ. ಆದರೆ ಟೊಯೊಟಾ ಕಾರ್ಖಾನೆಗಳಿರುವ ಐಚಿ ಪ್ರಾಂತ್ಯಕ್ಕೋ, ಸುಜುಕಿಯ ತವರಾದ ಹಮಾಮತ್ಸುವಿಗೋ, ಸಂಶೋಧನಾಲಯಗಳ ಊರಾದ ತ್ಸುಕುಬಾಕ್ಕೋ ಕೆಲಸದ ಮೇಲೆ ಹೋದವರ ಮಾತು ಬೇರೆ. ಅಲ್ಲಿ ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಕಾರು ಬೇಕು. ತಿಂಗಳ ಸಾಮಾನು ತರುವುದಕ್ಕೂ ಕಾರು ಬೇಕು. ಕಾರು ಬೇಕೆಂದ ಮೇಲೆ ಜಪಾನಿನ ಲೈಸೆನ್ಸ್ ಬೇಕು.

ಜಪಾನಿನಲ್ಲಿ ಈಗ ಐವತ್ತು ಸಾವಿರಕ್ಕೂ ಹೆಚ್ಚು ಭಾರತೀಯರಿದ್ದಾರೆ. ಬೆಂಗಳೂರಿನಿಂದ, ಮೈಸೂರಿನಿಂದ, ಹುಬ್ಬಳ್ಳಿಯಿಂದ ಹೋದ ಇಂಜಿನಿಯರುಗಳೂ ಸಂಶೋಧಕರೂ ಅವರಲ್ಲಿ ಸೇರಿದ್ದಾರೆ. ಹೋಗುವಾಗ ಅವರ ಮನಸ್ಸಿನಲ್ಲಿ ಒಂದು ಧೈರ್ಯವಿರುತ್ತದೆ. ಅಮೆರಿಕದಲ್ಲೋ ಜರ್ಮನಿಯಲ್ಲೋ ಆದರೆ ರಸ್ತೆಯ ಬಲಕ್ಕೆ ಓಡಿಸಬೇಕು, ಎಲ್ಲವೂ ತಿರುಗುಮುರುಗು. ಜಪಾನ್ ಹಾಗಲ್ಲ. ನಮ್ಮಂತೆಯೇ ಎಡಕ್ಕೆ ಓಡಿಸುವ ದೇಶ, ಸ್ಟೇರಿಂಗ್ ಬಲಕ್ಕೆ. ಕಾರುಗಳೂ ಕಂಡು ಗೊತ್ತಿರುವ ಕಂಪನಿಗಳವೇ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ಹತ್ತು ವರ್ಷ ಕಾರು ಓಡಿಸಿದವನಿಗೆ ಈ ಶಿಸ್ತಿನ ರಸ್ತೆ ಯಾವ ಲೆಕ್ಕ ಅನ್ನಿಸುವುದು ಸಹಜ. ಆ ಧೈರ್ಯದಲ್ಲಿ ಪರೀಕ್ಷೆಗೆ ಹೋದವರು ಮೊದಲ ಸಲ ಫೇಲಾಗಿ ಬರುವುದೂ ಅಷ್ಟೇ ಸಾಮಾನ್ಯ. ಯಾಕೆ ಫೇಲಾಗುತ್ತಾರೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಅದರಲ್ಲಿ ಜಪಾನಿನ ರಸ್ತೆಯ ಸಮಾಚಾರವೂ ಇದೆ, ನಮ್ಮ ರಸ್ತೆಯ ಸಮಾಚಾರವೂ ಇದೆ.

ಮೊದಲ ವರ್ಷ ತೊಂದರೆ ಕಾಣುವುದಿಲ್ಲ. ರಸ್ತೆ ಸಂಚಾರದ ಬಗ್ಗೆ 1949ರಲ್ಲಿ ಜಿನೀವಾದಲ್ಲಿ ಆದ ಒಪ್ಪಂದಕ್ಕೆ ಭಾರತವೂ ಜಪಾನೂ ಸೇರಿವೆ. ಅದರಂತೆ ನಮ್ಮ ಆರ್‌ಟಿಓ ಕಚೇರಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಜಪಾನಿನಲ್ಲಿ ನಡೆಯುತ್ತದೆ. ಊರಿನ ಡಿ.ಎಲ್., ಪಾಸ್‌ಪೋರ್ಟ್, ವೀಸಾ ಇಟ್ಟುಕೊಂಡು ಅರ್ಜಿ ಹಾಕಿದರೆ ಒಂದು ಪುಟ್ಟ ಪುಸ್ತಕದಂತಹ ಪರ್ಮಿಟ್ ಕೈಗೆ ಬರುತ್ತದೆ. ಅದರ ಅವಧಿ ಒಂದು ವರ್ಷ. ಜಪಾನಿಗೆ ಕಾಲಿಟ್ಟ ದಿನದಿಂದ ಒಂದು ವರ್ಷ ಅಥವಾ ಪರ್ಮಿಟ್ಟಿನ ಅವಧಿ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ ಕಾರು ಓಡಿಸಬಹುದು.

ಜನ ಕಾಲು ಜಾರುವುದು ಆ ವರ್ಷ ಮುಗಿಯುವ ಹೊತ್ತಿಗೆ. ದಸರಾ ರಜೆಗೋ ಮದುವೆಗೋ ಎರಡು ವಾರ ಊರಿಗೆ ಬಂದು, ಹೊಸದೊಂದು ಪರ್ಮಿಟ್ ಮಾಡಿಸಿಕೊಂಡು ಹೋದರೆ ಇನ್ನೊಂದು ವರ್ಷ ನಡೆಯುತ್ತದೆ ಎಂದು ಬಹಳ ಮಂದಿ ತಿಳಿದಿರುತ್ತಾರೆ. ನಡೆಯುವುದಿಲ್ಲ. ಜಪಾನಿನಲ್ಲಿ ವಿಳಾಸ ನೋಂದಾಯಿಸಿಕೊಂಡು ನೆಲೆಸಿರುವವರು ದೇಶ ಬಿಟ್ಟು ಹೋಗಿ ಮೂರು ತಿಂಗಳೊಳಗೆ ವಾಪಸು ಬಂದರೆ, ಆ ಮರಳಿದ ದಿನವನ್ನು ಹೊಸ ಆಗಮನವೆಂದು ಕಾನೂನು ಎಣಿಸುವುದಿಲ್ಲ. ಕೈಯಲ್ಲಿ ಹೊಚ್ಚ ಹೊಸ ಪರ್ಮಿಟ್ ಇದ್ದರೂ ಕಾನೂನಿನ ಕಣ್ಣಿನಲ್ಲಿ ಲೈಸೆನ್ಸ್ ಇಲ್ಲದೆ ಓಡಿಸಿದಂತೆ. ಅದಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷ ಯೆನ್‌ವರೆಗೆ ದಂಡ ಬೀಳಬಹುದು. ಅಪಘಾತವೇನಾದರೂ ಆಗಿಬಿಟ್ಟರೆ ವೀಸಾಕ್ಕೇ ಕುತ್ತು ಬರುತ್ತದೆ. ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಬ್ಬರಿಂದೊಬ್ಬರಿಗೆ ದಾಟುವ ತಪ್ಪು ತಿಳಿವಳಿಕೆಗಳಲ್ಲಿ ಇದರಷ್ಟು ಅಪಾಯದ್ದು ಇನ್ನೊಂದಿಲ್ಲ.

ಹಾಗಾಗಿ ವರ್ಷ ತುಂಬುವುದರೊಳಗೆ ಊರಿನ ಡಿ.ಎಲ್. ತೋರಿಸಿ ಜಪಾನಿನ ಲೈಸೆನ್ಸ್‌ಗೆ ಬದಲಿಸಿಕೊಳ್ಳಬೇಕು. ಈ ಕ್ರಮವನ್ನು ಅಲ್ಲಿನವರು ಗಾಯ್‌ಮೆನ್ ಕಿರಿಕಾಏ ಎನ್ನುತ್ತಾರೆ. ನೋಡಿಕೊಳ್ಳುವುದು ಪೊಲೀಸ್ ಇಲಾಖೆ. ಟೋಕಿಯೊದಲ್ಲಿ ಫುಚು, ಸಮೆಜು, ಕೋತೊ ಎಂಬಲ್ಲಿ ಲೈಸೆನ್ಸ್ ಕೇಂದ್ರಗಳಿವೆ. ಬೇರೆ ಪ್ರಾಂತ್ಯದಲ್ಲಿರುವವರು ತಮ್ಮ ಪ್ರಾಂತ್ಯದ ಕೇಂದ್ರಕ್ಕೇ ಹೋಗಬೇಕು.

ಮೊದಲು ಕಾಗದದ ಕೆಲಸ. ನಮ್ಮ ಡಿ.ಎಲ್. ಅನ್ನು ಜಪಾನಿ ಭಾಷೆಗೆ ಅಧಿಕೃತವಾಗಿ ಅನುವಾದ ಮಾಡಿಸಬೇಕು. ಹೆಚ್ಚಿನವರು ಇದನ್ನು ಜಾಫ್ ಎಂದು ಕರೆಯುವ ಜಪಾನ್ ಆಟೊಮೊಬೈಲ್ ಫೆಡರೇಶನ್ ಮೂಲಕ ಮಾಡಿಸುತ್ತಾರೆ. ಅರ್ಜಿ ಆನ್‌ಲೈನಿನಲ್ಲೇ ಹಾಕಿ, ಅನುವಾದದ ಪ್ರತಿಯನ್ನು ಬೀದಿ ಬದಿಯ ಕನ್ವೀನಿಯನ್ಸ್ ಅಂಗಡಿಯ ಯಂತ್ರದಲ್ಲಿ ಮುದ್ರಿಸಿಕೊಳ್ಳಬಹುದು. ಇದು ಸಲೀಸು. ತಲೆನೋವಾಗುವುದು ಮುಂದಿನ ಪ್ರಶ್ನೆ. ಡಿ.ಎಲ್. ಸಿಕ್ಕಿದ ಮೇಲೆ, ಅದನ್ನು ಕೊಟ್ಟ ದೇಶದಲ್ಲಿ ಒಟ್ಟು ಮೂರು ತಿಂಗಳಾದರೂ ಇದ್ದೆನೆಂದು ತೋರಿಸಬೇಕು. ತೋರಿಸುವುದು ಪಾಸ್‌ಪೋರ್ಟಿನ ಮೊಹರುಗಳಿಂದ. ಕಿಟಕಿಯ ಆಚೆ ಕುಳಿತ ಅಧಿಕಾರಿ ಒಂದೊಂದೇ ಪುಟ ತಿರುವಿ, ಹೋದ ದಿನ ಬಂದ ದಿನಗಳನ್ನು ಕಾಗದದ ಮೇಲೆ ಬರೆದುಕೊಂಡು, ಕೂಡಿ ಕಳೆದು ನೋಡುತ್ತಾರೆ. ಅವಸರ ಪಡಿಸುವಂತಿಲ್ಲ. ಮೊಹರು ಮಸುಕಾಗಿದ್ದರೆ ಪ್ರಶ್ನೆ ಬರುತ್ತದೆ. ಹಳೆಯ ಪಾಸ್‌ಪೋರ್ಟ್ ಊರಿನ ಬೀರುವಿನಲ್ಲಿದ್ದರೆ ಅದನ್ನು ತರಿಸಿಕೊಂಡು ಬನ್ನಿ ಎನ್ನುತ್ತಾರೆ.

ಇಲ್ಲಿ ಕರ್ನಾಟಕದಿಂದ ಹೋಗುವವರಿಗೆ ಒಂದು ಕಿವಿಮಾತು ಹೇಳಲೇಬೇಕು. ಡಿ.ಎಲ್. ನವೀಕರಿಸಿ ಹೊಸ ಸ್ಮಾರ್ಟ್ ಕಾರ್ಡ್ ಮಾಡಿಸಿಕೊಂಡವರು, ಮೊದಲ ಬಾರಿ ಲೈಸೆನ್ಸ್ ಸಿಕ್ಕ ದಿನಾಂಕ ಆ ಕಾರ್ಡಿನ ಮೇಲೆ ಸ್ಪಷ್ಟವಾಗಿ ಇದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಬೇಕು. ಇಲ್ಲದಿದ್ದರೆ, ಮೊನ್ನೆ ನವೀಕರಣವಾದ ದಿನವನ್ನೇ ಲೈಸೆನ್ಸ್ ಸಿಕ್ಕ ದಿನವೆಂದು ಅಲ್ಲಿ ಎಣಿಸುವ ಸಂಭವವಿದೆ. ಆಗ ಇಪ್ಪತ್ತು ವರ್ಷದ ಅನುಭವಕ್ಕೆ ಕಾಗದದ ಆಧಾರವೇ ಇಲ್ಲದಂತಾಗುತ್ತದೆ. ಆರ್‌ಟಿಓದಿಂದ ಡಿ.ಎಲ್. ಎಕ್ಸ್‌ಟ್ರಾಕ್ಟ್ ತೆಗೆಸಿಟ್ಟುಕೊಂಡರೆ ಈ ಪೇಚಾಟ ತಪ್ಪುತ್ತದೆ. ಸಾರಥಿ ಜಾಲತಾಣದಲ್ಲೇ ಇದಕ್ಕೆ ಅರ್ಜಿ ಹಾಕಬಹುದು. ಸೂಟ್‌ಕೇಸಿಗೆ ಉಪ್ಪಿನಕಾಯಿ ಸೇರಿಸುವ ಮೊದಲು ಆ ಒಂದು ಹಾಳೆಯನ್ನೂ ಹಳೆಯ ಪಾಸ್‌ಪೋರ್ಟನ್ನೂ ಸೇರಿಸಬೇಕು.

ಕಾಗದ ಸರಿಯಿದ್ದರೆ ಮುಂದೆ ಸಂಚಾರ ನಿಯಮಗಳ ಪ್ರಶ್ನೆಪತ್ರಿಕೆ. 2025ರ ಸೆಪ್ಟೆಂಬರ್ ಕೊನೆಯವರೆಗೂ ಇದು ಬಹಳ ಸುಲಭವಿತ್ತು. ಸರಿಯೋ ತಪ್ಪೋ ಎಂದು ಗುರುತು ಹಾಕುವ ಹತ್ತು ಪ್ರಶ್ನೆಗಳು, ಏಳು ಸರಿಯಾದರೆ ಪಾಸು. ಅದೂ ಚಿತ್ರಗಳಿರುವ ಪ್ರಶ್ನೆಗಳು. ಇಂಗ್ಲಿಷಿನಲ್ಲೇ ಬರೆಯಬಹುದಿತ್ತು. ಹತ್ತರಲ್ಲಿ ಒಂಬತ್ತು ಮಂದಿ ದಾಟುತ್ತಿದ್ದರು.

2025ರ ಮೇ ತಿಂಗಳಲ್ಲಿ ನಡೆದ ಎರಡು ಘಟನೆಗಳು ಈ ಸುಲಭದ ದಾರಿಯನ್ನು ಬದಲಿಸಿದವು. ಟೋಕಿಯೊ ಪಕ್ಕದ ಸೈತಾಮಾ ಪ್ರಾಂತ್ಯದಲ್ಲಿ ಒಂದು ಕಾರು ಶಾಲಾ ಮಕ್ಕಳಿಗೆ ಗುದ್ದಿ ನಿಲ್ಲದೆ ಹೋಯಿತು. ಅದೇ ತಿಂಗಳು ಶಿನ್ ಮೇಯ್‌ಶಿನ್ ಎಕ್ಸ್‌ಪ್ರೆಸ್‌ವೇಯಲ್ಲಿ ಇನ್ನೊಂದು ಕಾರು ಎದುರು ದಿಕ್ಕಿನಲ್ಲಿ ನುಗ್ಗಿ ಅಪಘಾತವಾಯಿತು. ಓಡಿಸುತ್ತಿದ್ದವರು ವಿದೇಶಿಯರು, ಊರಿನ ಲೈಸೆನ್ಸ್ ಬದಲಿಸಿಕೊಂಡು ಜಪಾನಿನ ಲೈಸೆನ್ಸ್ ಪಡೆದಿದ್ದವರು ಎಂದು ವರದಿಯಾಯಿತು. ಪ್ರವಾಸಕ್ಕೆ ಬಂದವರು ಹೋಟೆಲ್ಲಿನ ವಿಳಾಸ ಕೊಟ್ಟು ಲೈಸೆನ್ಸ್ ಪಡೆಯುತ್ತಿದ್ದಾರೆ ಎಂಬ ಆಕ್ಷೇಪ ಅದಕ್ಕೂ ಮೊದಲೇ ಇತ್ತು. ಸಂಸತ್ತಿನಲ್ಲೂ ಪತ್ರಿಕೆಗಳಲ್ಲೂ ಚರ್ಚೆಯಾಗಿ, ಅಕ್ಟೋಬರ್ 1ರಿಂದ ನಿಯಮ ಬದಲಾಯಿತು. ಈಗ ನಿವಾಸದ ಪ್ರಮಾಣಪತ್ರ ಕಡ್ಡಾಯ, ಪ್ರವಾಸಿಗಳಿಗೆ ಅವಕಾಶವಿಲ್ಲ. ಹತ್ತು ಪ್ರಶ್ನೆಗಳಿದ್ದಲ್ಲಿ ಐವತ್ತು ಬಂದವು, ಪಾಸಾಗಲು ಶೇ 90 ಬೇಕು, ಅಂದರೆ 45 ಸರಿಯಾಗಬೇಕು. ಚಿತ್ರಗಳಿಲ್ಲ. ಜಪಾನಿನಲ್ಲೇ ಹುಟ್ಟಿ ಬೆಳೆದು ಹೊಸದಾಗಿ ಕಾರು ಕಲಿಯುವವರ ಮೊದಲ ಹಂತದ ಪರೀಕ್ಷೆಗೂ ಇದಕ್ಕೂ ಈಗ ಹೆಚ್ಚು ಅಂತರವಿಲ್ಲ. ಹಿಂದಿನ ದಿನ ರಾತ್ರಿ ಒಂದು ಸಲ ಕಣ್ಣಾಡಿಸಿ ಹೋಗುವ ಕಾಲ ಮುಗಿಯಿತು. ಯಾರೋ ಇಬ್ಬರ ತಪ್ಪಿಗೆ ಎಲ್ಲ ವಿದೇಶಿಯರೂ ಬೆಲೆ ತೆರಬೇಕೇ ಎಂದು ಕೇಳುವವರಿದ್ದಾರೆ. ಆದರೆ ಒಂದು ದೇಶದ ರಸ್ತೆ ನಿಯಮ ತಿಳಿದಿದೆಯೇ ಎಂಬುದನ್ನು ಹತ್ತು ಪ್ರಶ್ನೆಗಳಲ್ಲಿ ಅಳೆಯಲಾಗದು ಎಂಬ ಮಾತೂ ನ್ಯಾಯವಾದದ್ದೇ.

ಇನ್ನು ಓಡಿಸುವ ಪರೀಕ್ಷೆ. ನಮ್ಮವರು ಸೋಲುವುದು ಇಲ್ಲಿಯೇ. ಕೇಂದ್ರದ ಆವರಣದೊಳಗೆ ಪುಟ್ಟ ಊರೊಂದರ ರಸ್ತೆಗಳನ್ನೇ ಕಟ್ಟಿಟ್ಟಿರುತ್ತಾರೆ. ಸಿಗ್ನಲ್ ದೀಪಗಳು, ಕೂಡುರಸ್ತೆಗಳು, ಜೀಬ್ರಾ ಪಟ್ಟೆ, ರೈಲ್ವೆ ಗೇಟು, ಎಸ್ ಅಕ್ಷರದ ಹಾಗೆ ಬಳುಕಿದ ಕಿರುದಾರಿ, ಲಂಬಕೋನದಲ್ಲಿ ಎರಡು ಸಲ ತಿರುಗುವ ಇನ್ನೊಂದು ಕಿರುದಾರಿ, ಎಲ್ಲ ಇವೆ. ನೂರು ಅಂಕದಿಂದ ಶುರು. ಪ್ರತಿ ತಪ್ಪಿಗೂ ಅಂಕ ಕಳೆಯುತ್ತಾ ಹೋಗುತ್ತಾರೆ. ಕೊನೆಗೆ 70 ಉಳಿದರೆ ಪಾಸು. ನಿಯಮ ಬಿಗಿಯಾಗುವ ಮೊದಲೂ ಇದನ್ನು ದಾಟುತ್ತಿದ್ದವರು ಸುಮಾರು ಮೂರರಲ್ಲಿ ಒಬ್ಬರು. ಈಗ ಜೀಬ್ರಾ ಪಟ್ಟೆ ದಾಟುವ ರೀತಿ, ರೈಲ್ವೆ ಗೇಟು ದಾಟುವ ರೀತಿಗಳನ್ನೂ ಪರೀಕ್ಷೆಗೆ ಸೇರಿಸಿದ್ದಾರೆ.

ಹಾಸನದಿಂದ ಹೋದ ಒಬ್ಬ ಇಂಜಿನಿಯರ್ ಪರೀಕ್ಷೆಗೆ ಕುಳಿತಿದ್ದಾನೆ ಎಂದಿಟ್ಟುಕೊಳ್ಳೋಣ. ಪರೀಕ್ಷಕರು ಎಡಗಡೆ ಕುಳಿತಿದ್ದಾರೆ, ತೊಡೆಯ ಮೇಲೆ ಅಂಕಪಟ್ಟಿ. ಮುಂದಿನ ಕೂಡುರಸ್ತೆಯಲ್ಲಿ ಎಡಕ್ಕೆ ತಿರುಗಬೇಕು. ಇದರಷ್ಟು ಸರಳವಾದ ಕೆಲಸ ಇನ್ನೇನಿದೆ? ಊರಿನಲ್ಲಿ ಫ್ರೀ ಲೆಫ್ಟ್ ಎಂದರೆ ಬ್ರೇಕನ್ನೂ ಒತ್ತುವುದಿಲ್ಲ. ಇಲ್ಲಿ ಅವನು ಮಾಡಬೇಕಾದದ್ದು ಹೀಗಿದೆ. ಮೊದಲು ಒಳಗಿನ ಕನ್ನಡಿ ನೋಡಬೇಕು. ಇಂಡಿಕೇಟರ್ ಹಾಕಬೇಕು. ಎಡ ಕನ್ನಡಿ ನೋಡಿ, ಕತ್ತು ತಿರುಗಿಸಿ ಎಡಭುಜದ ಮೇಲಿಂದ ಹಿಂದಕ್ಕೆ ನೋಡಿ, ಕಾರನ್ನು ರಸ್ತೆಯ ಎಡ ಅಂಚಿಗೆ ಸರಿಸಬೇಕು. ತಿರುವಿಗೆ 30 ಮೀಟರ್ ಇರುವಾಗಲೇ ತಿರುಗುವ ಇಂಡಿಕೇಟರ್ ಬೀಳಬೇಕು. ಅಂಚಿಗೆ ಸರಿಯುವುದು ಯಾಕೆಂದರೆ, ಕಾರಿಗೂ ಅಂಚಿಗೂ ನಡುವೆ ಸೈಕಲ್ ನುಸುಳುವಷ್ಟು ಜಾಗ ಉಳಿಯಬಾರದು. ತಿರುಗುವ ಗಳಿಗೆಯಲ್ಲಿ ಇನ್ನೊಮ್ಮೆ ಕತ್ತು ತಿರುಗಿಸಿ ನೋಡಬೇಕು, ಅಷ್ಟಾದರೂ ಯಾರಾದರೂ ನುಸುಳಿದ್ದಾರೆಯೇ ಎಂದು. ಆಮೇಲೆ ನಡೆಯುವವರ ವೇಗದಲ್ಲಿ, ಅಂಚನ್ನು ಬಿಡದೆ, ತಿರುಗಬೇಕು.

ನಮ್ಮ ಇಂಜಿನಿಯರ್ ಇದನ್ನೆಲ್ಲ ಕಣ್ಣಂಚಿನಲ್ಲೇ ಮಾಡಿಮುಗಿಸುತ್ತಾನೆ. ಕನ್ನಡಿಯತ್ತ ಒಂದು ನೋಟ ಎಸೆದರೆ ಅವನಿಗೆ ಹಿಂದಿನ ಸ್ಕೂಟರು, ಪಕ್ಕದ ಆಟೊ ಎಲ್ಲ ತಿಳಿದುಹೋಗುತ್ತದೆ. ಅದು ನಿಜವಾದ ಕೌಶಲ, ಅದರಲ್ಲಿ ಅನುಮಾನವಿಲ್ಲ. ಆದರೆ ಪಕ್ಕದಲ್ಲಿ ಕುಳಿತವರಿಗೆ ಅವನ ಕಣ್ಣು ಕಾಣಿಸುವುದಿಲ್ಲ, ಕತ್ತು ತಿರುಗಿತೋ ಇಲ್ಲವೋ ಎಂಬುದಷ್ಟೇ ಕಾಣಿಸುತ್ತದೆ. ಕತ್ತು ತಿರುಗದಿದ್ದರೆ ನೋಡಲಿಲ್ಲ ಎಂದೇ ಗುರುತು ಬೀಳುತ್ತದೆ. ಇದನ್ನು ನಾಟಕ ಎಂದು ದೂರುವವರು ಬಹಳ. ಆದರೆ ಕನ್ನಡಿಗೆ ಸಿಗದ ಒಂದು ಮೂಲೆ ಪ್ರತಿ ಕಾರಿಗೂ ಇದೆ, ಅಮ್ಮಂದಿರು ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಓಡಿಸುವ ಸೈಕಲ್ಲುಗಳು ಜಪಾನಿನ ಪ್ರತಿ ಬೀದಿಯಲ್ಲೂ ಇವೆ. ಕತ್ತು ತಿರುಗಿಸಿ ಎಂಬ ನಿಯಮ ಆ ಮೂಲೆಯಲ್ಲಿರುವ ಸೈಕಲ್ಲಿಗಾಗಿ.

ನಿಲ್ಲುವುದರಲ್ಲೂ ಇದೇ ಕಥೆ. ಜಪಾನಿನ ಸ್ಟಾಪ್ ಫಲಕ ತಲೆಕೆಳಗಾದ ಕೆಂಪು ತ್ರಿಕೋನ. ಅದು ಕಂಡರೆ ರಸ್ತೆಯ ಮೇಲಿನ ಬಿಳಿ ಗೆರೆಗೆ ಮುಂಚೆ ಚಕ್ರ ಪೂರ್ತಿ ನಿಲ್ಲಬೇಕು. ವೇಗ ಇಳಿಸಿ, ಯಾರೂ ಇಲ್ಲವೆಂದು ನೋಡಿ, ಹಾಗೇ ಉರುಳಿಕೊಂಡು ಹೋದರೆ ಅದು ನಿಂತಂತಲ್ಲ, ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ. ಜೀಬ್ರಾ ಪಟ್ಟೆಯ ಬಳಿ ಯಾರಾದರೂ ದಾಟಲು ನಿಂತಿದ್ದರೆ ಕಾರು ನಿಲ್ಲಬೇಕು. ಪಟ್ಟೆಯ ಮುಂದೆ ಬೇರೊಂದು ವಾಹನ ನಿಂತಿದ್ದರೆ, ಅದರ ಆಚೆ ಯಾರು ದಾಟುತ್ತಿದ್ದಾರೋ ಕಾಣುವುದಿಲ್ಲವಾದ್ದರಿಂದ, ಅದನ್ನು ಹಾದುಹೋಗುವ ಮೊದಲು ನಿಂತೇ ಹೋಗಬೇಕು. ರೈಲ್ವೆ ಗೇಟು ತೆರೆದಿದ್ದರೂ ಪ್ರತಿ ವಾಹನವೂ ನಿಲ್ಲಬೇಕು. ಕಿಟಕಿ ಇಳಿಸಿ ಕಿವಿಗೊಟ್ಟು, ಎರಡೂ ಕಡೆ ನೋಡಿ, ಹಳಿಯ ಆಚೆ ತನ್ನ ಕಾರಿಗೆ ಜಾಗವಿದೆಯೆಂದು ಖಾತ್ರಿ ಮಾಡಿಕೊಂಡ ಮೇಲೆ ಹೊರಡಬೇಕು. ಗೇರಿನ ಕಾರಾದರೆ ಹಳಿಯ ಮೇಲೆ ಗೇರ್ ಬದಲಿಸುವಂತಿಲ್ಲ. ಹಾರ್ನ್ ವಿಷಯ ಇನ್ನೂ ಕಟ್ಟುನಿಟ್ಟು. ಹಾರ್ನ್ ಮಾಡಿ ಎಂದು ಫಲಕವಿರುವ ಕಡೆ, ಇಲ್ಲವೇ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಲಾರಿಯ ಹಿಂದೆ ಸೌಂಡ್ ಹಾರ್ನ್ ಎಂದು ಬರೆಸುವ ನಾಡಿನಿಂದ ಹೋದವರು ಕೈಯನ್ನು ಹಾರ್ನಿನಿಂದ ದೂರವಿಡಲು ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕಾಗುತ್ತದೆ.

ಕಿರುದಾರಿಗಳಲ್ಲಿ ಮಾತ್ರ ಕೈಚಳಕಕ್ಕೆ ಬೆಲೆಯಿದೆ. ಎಸ್ ತಿರುವಿನಲ್ಲಿ ಹಿಂದಿನ ಚಕ್ರ ಒಳಗಿನ ಕಟ್ಟೆಗೆ ತಾಗುವುದು ಸಾಮಾನ್ಯ. ತಾಗಿದ ಕೂಡಲೇ ನಿಲ್ಲಿಸಿ, ಹಿಂದೆ ನೋಡಿ, ರಿವರ್ಸ್ ತೆಗೆದು ಸರಿಪಡಿಸಿಕೊಂಡರೆ ಒಂದಷ್ಟು ಅಂಕ ಹೋಗುತ್ತದೆ, ಪರೀಕ್ಷೆ ಉಳಿಯುತ್ತದೆ. ಕಟ್ಟೆ ಹತ್ತಿಸಿಕೊಂಡು ಮುಂದೆ ಹೋದರೆ ಫೇಲು. ಬೆಂಗಳೂರಿನ ಗಲ್ಲಿಗಳಲ್ಲಿ ಪಳಗಿದವರಿಗೆ ಇದು ಕಷ್ಟವಲ್ಲ.

ಈ ಎಚ್ಚರವೆಲ್ಲ ಜಪಾನಿಯರ ರಕ್ತದಲ್ಲೇ ಬಂದದ್ದು ಎಂದುಕೊಂಡರೆ ತಪ್ಪು. 1970ರಲ್ಲಿ ಜಪಾನಿನ ರಸ್ತೆಗಳಲ್ಲಿ ಸತ್ತವರು 16,765 ಮಂದಿ. ಆ ಕಾಲದ ಪತ್ರಿಕೆಗಳು ಅದನ್ನು ಸಂಚಾರದ ಯುದ್ಧ ಎಂದೇ ಕರೆದವು. ಆಮೇಲೆ ಪಾದಚಾರಿ ಮಾರ್ಗಗಳು ಬಂದವು, ಸಿಗ್ನಲ್ಲುಗಳು ಹೆಚ್ಚಿದವು, ಕಾನೂನು ಬಿಗಿಯಾಯಿತು, ಡ್ರೈವಿಂಗ್ ಸ್ಕೂಲುಗಳ ಪಾಠ ಗಟ್ಟಿಯಾಯಿತು. ಇವತ್ತು ಆ ಸ್ಕೂಲುಗಳಲ್ಲಿ ಹೊಸದಾಗಿ ಕಲಿಯುವವರು 26 ಪೀರಿಯಡ್ ತರಗತಿಯಲ್ಲಿ ಕೂರಬೇಕು, ಗೇರಿಲ್ಲದ ಕಾರಾದರೆ ಕನಿಷ್ಠ 31 ಪೀರಿಯಡ್ ಓಡಿಸಿ ಕಲಿಯಬೇಕು, ಸುಮಾರು ಮೂರು ಲಕ್ಷ ಯೆನ್ ಖರ್ಚು ಮಾಡಬೇಕು. 2022ರಲ್ಲಿ ಜಪಾನಿನ ರಸ್ತೆಗಳಲ್ಲಿ ಸತ್ತವರು 2,610 ಮಂದಿ. ಇದು ಅಪಘಾತವಾದ 24 ಗಂಟೆಯೊಳಗೆ ಸತ್ತವರ ಲೆಕ್ಕ. 30 ದಿನದೊಳಗೆ ಸತ್ತವರನ್ನು ಸೇರಿಸಿದರೂ ಮೂರು ಸಾವಿರ ಚಿಲ್ಲರೆ. ಅದೇ ವರ್ಷ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ನಮ್ಮ ಜನಸಂಖ್ಯೆ ಜಪಾನಿನ ಹನ್ನೊಂದು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಸಾವು ಐವತ್ತು ಪಟ್ಟಿಗೂ ಹೆಚ್ಚು.

ಬ್ರಿಟನ್, ಜರ್ಮನಿ, ಫ್ರಾನ್ಸ್, ಆಸ್ಟ್ರೇಲಿಯಾ, ದಕ್ಷಿಣ ಕೊರಿಯಾ, ತೈವಾನ್‌ಗಳಿಂದ ಬಂದವರಿಗೆ ಜಪಾನ್ ಈ ಎರಡು ಪರೀಕ್ಷೆಗಳನ್ನೂ ಬಿಟ್ಟುಕೊಡುತ್ತದೆ. ಕಾಗದ ತೋರಿಸಿ, ಕಣ್ಣು ಪರೀಕ್ಷೆ ಮಾಡಿಸಿಕೊಂಡರೆ ಲೈಸೆನ್ಸ್ ಸಿಗುತ್ತದೆ. ಅಮೆರಿಕದ ವಾಷಿಂಗ್ಟನ್, ಹವಾಯಿ, ಮೇರಿಲ್ಯಾಂಡ್‌ನಂತಹ ಕೆಲವು ರಾಜ್ಯಗಳಿಗೂ ರಿಯಾಯಿತಿ ಇದೆ. ಭಾರತ ಆ ಪಟ್ಟಿಯಲ್ಲಿಲ್ಲ. ಜಪಾನ್ ಒಂದೇ ಅಲ್ಲ. ಜರ್ಮನಿಯಲ್ಲಿ ನೆಲೆಸಿದ ಆರು ತಿಂಗಳಿಗೆ ನಮ್ಮ ಡಿ.ಎಲ್. ನಿಷ್ಪ್ರಯೋಜಕ, ಆಮೇಲೆ ಬರಹದ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಬ್ರಿಟನ್ನಿನಲ್ಲಿ ಹನ್ನೆರಡು ತಿಂಗಳು ಬಿಡುತ್ತಾರೆ, ನಂತರ ಕಲಿಯುವವರ ಲೈಸೆನ್ಸಿನಿಂದಲೇ ಹೊಸದಾಗಿ ಶುರು. ಮಂಗಳೂರು, ಉಡುಪಿ, ಭಟ್ಕಳದಿಂದ ದುಬೈಗೆ ಹೋದವರಿಗೂ ಗೊತ್ತು, ಅಲ್ಲಿ ಡ್ರೈವಿಂಗ್ ಸ್ಕೂಲಿನ ತರಗತಿಗಳಿಗೆ ಎಷ್ಟು ದಿರ್ಹಾಮ್ ಸುರಿಯಬೇಕೆಂದು.

ಇದನ್ನು ಅವಮಾನ ಎಂದುಕೊಳ್ಳುವ ಮೊದಲು ನಮ್ಮ ಮನೆಯನ್ನೊಮ್ಮೆ ನೋಡಿಕೊಳ್ಳಬೇಕು. ದೇಶದ ಲೈಸೆನ್ಸುಗಳಲ್ಲಿ ಶೇ 30ರಷ್ಟು ನಕಲಿ ಎಂದು ಸ್ವತಃ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರೇ ಬಹಿರಂಗವಾಗಿ ಹೇಳಿದ್ದರು. ಏಜೆಂಟರ ಕೈಗೆ ದುಡ್ಡು ಕೊಟ್ಟು, ಮೈದಾನದಲ್ಲಿ ಒಂದು ಸುತ್ತು ಹಾಕಿ ಡಿ.ಎಲ್. ಪಡೆದವರು ನಮ್ಮಲ್ಲಿ ಪ್ರತಿ ಬೀದಿಯಲ್ಲೂ ಇದ್ದಾರೆ. ಬೆಂಗಳೂರಿನ ಜ್ಞಾನಭಾರತಿಯಲ್ಲಿ ಸೆನ್ಸರ್‌ಗಳಿರುವ ಟ್ರ್ಯಾಕ್ ಬಂದಾಗ ಅನೇಕರಿಗೆ ಕಿರಿಕಿರಿಯಾಯಿತು, ಆದರೆ ಅಲ್ಲಿ ಎಂಟು ಹಾಕಿ ಪಾಸಾದವರ ಡಿ.ಎಲ್.ಗೆ ಒಂದು ತೂಕವಿದೆ. ಅಂತಹ ಟ್ರ್ಯಾಕುಗಳು ಪ್ರತಿ ಜಿಲ್ಲೆಗೂ ಬರಬೇಕು, ಬಂದವು ಕೆಡದೆ ನಡೆಯಬೇಕು. ನಮ್ಮ ಕಾರ್ಡಿಗೆ ಬೆಲೆ ಬರುವುದು ಟೋಕಿಯೊದಲ್ಲಿ ವಾದ ಮಾಡಿದ್ದರಿಂದಲ್ಲ, ತುಮಕೂರಿನಲ್ಲೂ ರಾಯಚೂರಿನಲ್ಲೂ ಪರೀಕ್ಷೆ ಪರೀಕ್ಷೆಯಂತೆ ನಡೆದದ್ದರಿಂದ.

ಜಪಾನಿನ ವ್ಯವಸ್ಥೆಯಲ್ಲಿ ಕೊರತೆಯಿಲ್ಲ ಎಂದಲ್ಲ. ಪರೀಕ್ಷೆಯ ದಿನ ಸಿಗಲು ಕೆಲವು ಕೇಂದ್ರಗಳಲ್ಲಿ ತಿಂಗಳುಗಳೇ ಕಾಯಬೇಕು. ಫೇಲಾದಾಗ ಯಾವ ತಪ್ಪಿಗೆ ಎಷ್ಟು ಅಂಕ ಹೋಯಿತು ಎಂದು ಬಿಡಿಸಿ ಹೇಳುವವರು ಕಡಿಮೆ, ಹೇಳಿದರೂ ಜಪಾನಿ ಭಾಷೆಯಲ್ಲಿ. ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವವರಿಗೆ ಪ್ರತಿ ಸಲವೂ ಒಂದು ದಿನದ ರಜೆ ಹೋಗುತ್ತದೆ. ಇಷ್ಟು ಕಟ್ಟುನಿಟ್ಟಾದ ಪರೀಕ್ಷೆ ಇಟ್ಟವರು ಅದನ್ನು ಕಲಿಸುವ ದಾರಿಯನ್ನೂ ವಿದೇಶಿಯರಿಗೆ ತೆರೆದಿಡಬೇಕಿತ್ತು. ಸದ್ಯಕ್ಕೆ ನಮ್ಮವರು ಕಂಡುಕೊಂಡಿರುವ ಉಪಾಯವೆಂದರೆ, ಇಂತಹ ಟ್ರ್ಯಾಕ್ ಇರುವ ಡ್ರೈವಿಂಗ್ ಸ್ಕೂಲಿನಲ್ಲಿ ಕೆಲವು ಗಂಟೆ ದುಡ್ಡು ಕೊಟ್ಟು ಅಭ್ಯಾಸ ಮಾಡುವುದು. ಓಡಿಸಲು ಬರುವವನು ಮತ್ತೆ ಸ್ಕೂಲಿಗೆ ಹೋಗುವುದೇ ಎಂಬ ಸಂಕೋಚ ಬಿಟ್ಟು ಹೋದವರು ಬೇಗ ಪಾಸಾಗುತ್ತಾರೆ.

ಪಾಸಾದರೆ ಹಸಿರು ಪಟ್ಟಿಯ ಕಾರ್ಡು ಸಿಗುತ್ತದೆ. ಊರಿನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಡಿ.ಎಲ್. ಇದ್ದದ್ದು ದಾಖಲೆಯಲ್ಲಿದ್ದರೆ, ಹೊಸಬರು ಕಾರಿಗೆ ಅಂಟಿಸಬೇಕಾದ ಹಸಿರು ಹಳದಿ ಎಲೆಯ ಗುರುತು ಬೇಕಿಲ್ಲ. ಮುಂದೆ ನವೀಕರಣದಲ್ಲಿ ಪಟ್ಟಿ ನೀಲಿಯಾಗುತ್ತದೆ, ಐದು ವರ್ಷ ಒಂದೂ ತಪ್ಪಿಲ್ಲದೆ ಓಡಿಸಿದರೆ ಬಂಗಾರದ ಬಣ್ಣಕ್ಕೆ ತಿರುಗುತ್ತದೆ, ವಿಮೆಯ ಕಂತಿನಲ್ಲೂ ರಿಯಾಯಿತಿ ಸಿಗುತ್ತದೆ. ಕಾರ್ಡು ಬಂದ ಸಂಭ್ರಮದಲ್ಲಿ ಕಾರಿನ ಶೋರೂಮಿಗೆ ಹೋಗುವವರು ಇನ್ನೊಂದು ಕಾಗದವನ್ನು ಹೊಂದಿಸಬೇಕಾಗುತ್ತದೆ. ಮಾಮೂಲಿ ಗಾತ್ರದ ಕಾರು ನೋಂದಣಿಯಾಗಬೇಕಾದರೆ, ಮನೆಯಿಂದ ಎರಡು ಕಿಲೋಮೀಟರ್ ಒಳಗೆ ಅದನ್ನು ನಿಲ್ಲಿಸಲು ಸ್ವಂತದ್ದೋ ಬಾಡಿಗೆಯದ್ದೋ ಜಾಗವಿದೆ ಎಂದು ಪೊಲೀಸ್ ಠಾಣೆಯಿಂದ ಪ್ರಮಾಣಪತ್ರ ತರಬೇಕು. ಅರ್ಜಿಯ ಜೊತೆ ಆ ಜಾಗದ ಉದ್ದ, ಅಗಲ, ಮುಂದಿನ ರಸ್ತೆಯ ಅಗಲ ಎಲ್ಲವನ್ನೂ ಗುರುತಿಸಿದ ನಕ್ಷೆ ಕೊಡಬೇಕು.